ಅಪ್ಪ ಬಳಿದ ಬಣ್ಣ

ತ್ರಿಪ್ಪುಣಿತ್ತುರ
ಜೂನ್ ೯, ೨೦೨೪

ಕೃಪಾ,

ಫೋನ್ ಎತ್ತುತ್ತಿಲ್ಲ, ಮೆಸೇಜಿಗೆ ಉತ್ತರವಿಲ್ಲ. ಈ ಮಲಯಾಳದ ಊರಿನಲ್ಲಿ ಹಟ ಹಿಡಿದು ನಿನಗೆ ಕನ್ನಡ ಅಕ್ಷರ ಕಲಿಸಿದವಳು ನಾನು. ಅದು ಈಗಲಾದರೂ ಉಪಯೋಗಕ್ಕೆ ಬರಲಿ ಎಂದು ಕಾಗದ ಬರೆಯುತ್ತಿದ್ದೇನೆ. ಹರಿದು ಹಾಕುವುದಿದ್ದರೆ ಒಮ್ಮೆ ಓದಿ ಹಾಕು.

ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ದಿನ, ನಿನ್ನ ಅತ್ತೆಯ ಎದುರಿಗೆ, ನಾನು ಅದನ್ನು ಗುಜರಿ ಅಂಗಡಿ ಎಂದೆ. ಅವರ ಎದುರಿಗೆ ಹೇಳಬಾರದಿತ್ತು, ತಪ್ಪು. ಆದರೆ ಹೇಳಿದ್ದು ಸುಳ್ಳೆಂದು ನನಗಿನ್ನೂ ಅನ್ನಿಸಿಲ್ಲ. ಅಭಿಜಿತ್‌ಗೆ ಕೆಲಸ ಹೋಗಿ ಒಬ್ಬರ ಸಂಬಳದಲ್ಲಿ ನಡೆಯುತ್ತಿದೆ ಎಂದು ನನಗೆ ಗೊತ್ತಿದೆ. ಬಾಡಿಗೆ ಮನೆಗೆ ಬೇಕಾದ ಸಾಮಾನು ನಾನು ಕೊಡಿಸುತ್ತೇನೆ ಎಂದೆ, ನೀನು ಬೇಡವೆಂದೆ. ಬೇಡವೆಂದು ಮಟ್ಟಾಂಚೇರಿಯಲ್ಲಿ ಕೆಡವಿದ ಯಾವುದೋ ಗೋದಾಮಿನ ಕಿಟಕಿ ಬಾಗಿಲುಗಳನ್ನು ಹೊತ್ತು ತಂದು ಊಟದ ಮೇಜು ಮಾಡಿದೆ. ನನ್ನ ಮದುವೆಯ ಟ್ರಂಕಿಗೆ ಹಳದಿ ಬಳಿದು ಬೆಂಚು ಮಾಡಿದೆ. ನಮ್ಮತ್ತೆಯ ಹಿತ್ತಾಳೆ ಹಂಡೆಯಲ್ಲಿ ಕೊಡೆ ನಿಲ್ಲಿಸಿದೆ. ಬಂದವರೆಲ್ಲ ಹೊಗಳಿದರು. ಅದೂ ಕಂಡೆ.

ನಾನು ಕೇಳಿದ್ದು ಒಂದೇ. ಆ ಮೂರು ಗಾಲಿಯ ಮರದ ಗಾಡಿ. ನೀನು ಹಿಡಿದು ನಡೆಯಲು ಕಲಿತದ್ದು, ಈಗ ಹರ್ಷಿತಾ ತಳ್ಳಿಕೊಂಡು ಓಡಾಡುವುದು. "ಬಣ್ಣ ಎದ್ದು ಬರ್ತಿದೆ ಅಮ್ಮ, ಕೆರೆದು ಹೊಸದಾಗಿ ಬಳೀತೀನಿ" ಎಂದೆ. ನಾನು ಬೇಡ ಎಂದೆ, ಜೋರಾಗಿಯೇ ಎಂದೆ. ಆಗ ನಾವಿದ್ದ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಬಳಿದದ್ದು ನಿನ್ನ ಅಪ್ಪ. ಅವರ ಮುಖ ನಿನಗೆ ಫೋಟೋದಲ್ಲಿ ಮಾತ್ರ ನೆನಪು. ಅವರ ಕೈಕೆಲಸವೆಂದು ಉಳಿದಿರುವುದು ಅದೊಂದೇ. ಉಳಿದದ್ದಕ್ಕೆಲ್ಲ ಏನು ಬೇಕಾದರೂ ಬಳಿ. ಅದನ್ನು ಮುಟ್ಟಬೇಡ.

ಅಮ್ಮ


ಕಳಕ್ಕೂಟ್ಟಂ, ತಿರುವನಂತಪುರ
ಜೂನ್ ೨೦

ಅಮ್ಮ,

ಓದಿದೆ. ಹರಿಯಲಿಲ್ಲ.

ಜನವರಿಯಿಂದ ಅಭಿಜಿತ್ ಬೆಳಿಗ್ಗೆ ಎದ್ದು ಇಸ್ತ್ರಿ ಅಂಗಿ ಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದ, ಮಾಡಲು ಏನೂ ಇರಲಿಲ್ಲ. ನನ್ನ ಜೊತೆ ಮಾತು ನಿಂತಿತ್ತು. ಒಂದು ಸಾಯಂಕಾಲ ನಾನು ಬಾಲ್ಕನಿಯಲ್ಲಿ ಆ ಕಿಟಕಿ ಬಾಗಿಲುಗಳನ್ನು ಉಜ್ಜುತ್ತಿದ್ದಾಗ ಬಂದು ಕೈಯಿಂದ ಸ್ಯಾಂಡ್ ಪೇಪರ್ ಕಿತ್ತುಕೊಂಡು "ನೀನು ಮರದ ನಾರಿನ ಅಡ್ಡಕ್ಕೆ ಉಜ್ತಿದ್ದೀಯ, ಉದ್ದಕ್ಕೆ ಉಜ್ಜಬೇಕು" ಎಂದ. ನೀಲಿಯ ಕೆಳಗೆ ಹಸಿರು ಬಂತು, ಹಸಿರಿನ ಕೆಳಗೆ ತೇಗ. ಅದನ್ನು ನೋಡಿ ಅವನು ನಕ್ಕ. ನೀನು ಗುಜರಿ ಎಂದದ್ದು ಆ ಮೇಜಿಗೆ.

ನಿನ್ನ ಹಳೆಯ ಕಾಟನ್ ಸೀರೆಗಳನ್ನು ಕುದಿಯುವ ಬಣ್ಣದಲ್ಲಿ ಅದ್ದಿ ಪರದೆ ಹೊಲಿದದ್ದು ನಾನು. ಹೊಸದು ಕೊಳ್ಳಲಾಗದ್ದಕ್ಕೆ ಶುರು ಮಾಡಿದೆ, ಸುಳ್ಳು ಹೇಳುವುದಿಲ್ಲ. ಆದರೆ ಈಗ ಈ ಮನೆಯ ಒಂದೊಂದು ವಸ್ತುವೂ ನನ್ನ ಕೈ ದಾಟಿ ಬಂದದ್ದು. ಇಂಥ ಮನೆ ನನಗೆ ಮೊದಲು ಇರಲೇ ಇಲ್ಲ.

ಗಾಡಿಯನ್ನು ಮುಟ್ಟುವುದಿಲ್ಲ. ಅಪ್ಪನ ಹೆಸರು ಎತ್ತಿದರೆ ನಾನು ಏನು ಹೇಳಲಿ? ನೀನು ಗೆದ್ದೆ. ಹರ್ಷಿ ದಿನವಿಡೀ ಅದನ್ನು ಬಿಡುವುದೇ ಇಲ್ಲ.

ಕೃಪಾ


ತ್ರಿಪ್ಪುಣಿತ್ತುರ
ಜುಲೈ ೨೮

ಕೃಪಾ,

ಗೆಲ್ಲುವುದಕ್ಕೆ ಹೇಳಿದ್ದಲ್ಲ.

ಮೊನ್ನೆ ಅಭಿಜಿತ್ ವಿಡಿಯೋ ಕಾಲ್ ಮಾಡಿ ಮಗುವನ್ನು ತೋರಿಸಿದರು. ನೀನು ಹಿಂದೆ ಅಡುಗೆಮನೆಯಲ್ಲಿದ್ದೆ, ಪಾತ್ರೆಯ ಸದ್ದು ಕೇಳಿತು, ಮುಂದೆ ಬರಲಿಲ್ಲ. ಅದಿರಲಿ. ಮಗುವಿನ ಮುಖ ಬಿಳಿಚಿಕೊಂಡಿದೆ. ಹಾಲು ಉಕ್ಕಿಸಿದ ದಿನ "ಅಮ್ಮೂಮ್ಮ, ಅಮ್ಮೂಮ್ಮ" ಎಂದು ಈ ಅಜ್ಜಿಯ ಸೆರಗು ಹಿಡಿದು ಸುತ್ತಿದವಳು, ಏನು ಕೊಟ್ಟರೂ ಬೇಡವೆಂದು ಮಲಯಾಳದಲ್ಲಿ "ವೇಂಡ" ಎನ್ನುತ್ತ ತಳ್ಳುತ್ತಿದ್ದವಳು, ಈ ಸಲ ಅಷ್ಟು ಹೊತ್ತೂ ಬಾಯಿ ಬಿಡಲಿಲ್ಲ. ಎರಡು ಸಲ ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. ಅಭಿಜಿತ್ ಫೋನನ್ನು ಬೇರೆ ಕಡೆ ತಿರುಗಿಸಿದರು.

ಏನಾದರೂ ಇದ್ದರೆ ಹೇಳು.

ಅಮ್ಮ


ಕಳಕ್ಕೂಟ್ಟಂ
ಆಗಸ್ಟ್ ೧೧

ಅಮ್ಮ,

ಏನೂ ಇಲ್ಲ. ದವಡೆ ಹಲ್ಲು ಬರುತ್ತಿದೆ, ಊಟ ಸೇರುವುದಿಲ್ಲ. ಎಲ್ಲ ಮಕ್ಕಳಿಗೂ ಆಗುವುದೇ.

ಗೌರಿ ಹಬ್ಬಕ್ಕೂ ಓಣಂಗೂ ಬರಲಾಗುವುದಿಲ್ಲ, ಆಫೀಸಿನಲ್ಲಿ ಕೆಲಸ ಜಾಸ್ತಿ. ನೀನೂ ಬರುವುದು ಬೇಡ, ಮನೆ ಇನ್ನೂ ಜೋಡಿಸಿ ಮುಗಿದಿಲ್ಲ.

ಕೃಪಾ


ಕಳಕ್ಕೂಟ್ಟಂ
ಆಗಸ್ಟ್ ೩೦

ಅತ್ತೆಗೆ ನಮಸ್ಕಾರ.

ನಾನು ನಿಮಗೆ ಬರೆಯುತ್ತಿರುವುದು ಕೃಪಾಗೆ ಗೊತ್ತಿಲ್ಲ. ಫೋನ್ ಮಾಡಿದರೆ ಈ ಸಣ್ಣ ಮನೆಯಲ್ಲಿ ಕೇಳಿಸುತ್ತದೆ.

ಹರ್ಷಿತಾಗೆ ಹುಷಾರಿಲ್ಲ. ಹಲ್ಲಿನ ತೊಂದರೆ ಅಲ್ಲ. ಒಂದು ತಿಂಗಳಿಂದ ಹೊಟ್ಟೆನೋವು, ರಾತ್ರಿಯೆಲ್ಲ ಅಳು. ಆಡುತ್ತಿದ್ದ ಮಾತುಗಳು ಒಂದೊಂದಾಗಿ ನಿಂತವು. ಡಾಕ್ಟರ್ ರಕ್ತಹೀನತೆ ಎಂದು ಕಬ್ಬಿಣಾಂಶದ ಹನಿ ಕೊಟ್ಟರು. ನೋವು ಇಳಿಯದಿದ್ದಾಗ ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆವು. ಅವರು ಎಲ್ಲ ಕೇಳಿದ ಮೇಲೆ "ಮನೆಯಲ್ಲಿ ಹಳೇ ಪೇಂಟಿನ ಸಾಮಾನೇನಾದರೂ ಇದೆಯಾ?" ಎಂದರು. ಕೃಪಾ ಮಗುವಿನ ಅಂಗೈ ಬಿಡಿಸಿ ನೋಡಿದಳು. ನಾನೇ ಹೇಳಿದೆ.

ರಕ್ತದಲ್ಲಿ ಸೀಸ ಬಂದಿದೆ, ಅತ್ತೆ. ತುಂಬಾ ಇದೆ. ಹಿಂದಿನ ಕಾಲದ ಪೇಂಟುಗಳಲ್ಲಿ ಸೀಸ ಹಾಕುತ್ತಿದ್ದರಂತೆ. ಉಜ್ಜಿದರೆ ಧೂಳಾಗಿ ನೆಲದಲ್ಲಿ ಕೂರುತ್ತದೆ, ಮಗು ನೆಲ ಮುಟ್ಟಿ ಕೈ ಬಾಯಿಗಿಡುತ್ತದೆ. ಇನ್ನು ಸ್ವಲ್ಪ ಏರಿದ್ದರೆ ಆಸ್ಪತ್ರೆಗೆ ಸೇರಿಸಿ ಔಷಧ ಏರಿಸಬೇಕಾಗುತ್ತಿತ್ತು. ಈಗ ಮೊದಲ ಕೆಲಸ ಮಗುವನ್ನು ಈ ಮನೆಯಿಂದ ಹೊರಗೆ ಇಡುವುದು. ಮಾತು ಪೂರ್ತಿ ವಾಪಸು ಬರುತ್ತದೆಯೇ ಎಂದು ಕೇಳಿದ್ದಕ್ಕೆ ಡಾಕ್ಟರ್ "ನೋಡೋಣ" ಎಂದರು.

ಆಸ್ಪತ್ರೆಯಿಂದ ಬಂದವಳೇ ಕೃಪಾ ಆ ಮೇಜನ್ನು ಒಬ್ಬಳೇ ಎಳೆದು ಮೆಟ್ಟಿಲ ಕೆಳಗೆ ಹಾಕಿದಳು. ಆಮೇಲೆ ಮಗುವನ್ನು ಎತ್ತಿಕೊಂಡಿಲ್ಲ. "ನನ್ನ ಕೈ ಅವಳಿಗೆ ತಾಗೋದು ಬೇಡ" ಎನ್ನುತ್ತಾಳೆ. ಊಟ ನಾನೇ ತಿನ್ನಿಸುತ್ತಿದ್ದೇನೆ. ಎಲ್ಲ ಸಾಮಾನಿನಿಂದಲೂ ಚೂರು ಬಣ್ಣ ಕೆರೆದು ಒಂದು ಲ್ಯಾಬಿಗೆ ಕೊಟ್ಟಿದ್ದೇವೆ.

ನಮ್ಮ ಅಮ್ಮ ಕಾಸರಗೋಡಿನಲ್ಲಿ ಮಂಡಿಚಿಪ್ಪಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಾರೆ. ನೀವು ಮಗುವನ್ನು ಸ್ವಲ್ಪ ದಿನ ಇಟ್ಟುಕೊಳ್ಳುತ್ತೀರಾ? ದಯವಿಟ್ಟು ಕೃಪಾಗೆ ಏನೂ ಅನ್ನಬೇಡಿ.

ಅಭಿಜಿತ್


ತ್ರಿಪ್ಪುಣಿತ್ತುರ
ಸೆಪ್ಟೆಂಬರ್ ೨

ಕೃಪಾ,

ಅಭಿಜಿತ್ ಬರೆದರು. ಅವರ ಮೇಲೆ ರೇಗಬೇಡ.

ಅನ್ನಬೇಡಿ ಎಂದಿದ್ದಾರೆ. ಹಾಗಾದರೆ ಯಾರು ಅನ್ನಬೇಕು? ಜುಲೈಯಲ್ಲಿ ನಾನು ಕೇಳಿದೆ. ನೀನು ಹಲ್ಲು ಬರುತ್ತಿದೆ ಎಂದೆ. ಮನೆ ಜೋಡಿಸುವುದು ಮುಗಿದಿಲ್ಲ, ಬರಬೇಡ ಎಂದೆ. ನಾನು ಬಂದು "ಹೇಳಿದ್ದೆನಲ್ಲ" ಎಂದುಬಿಡುತ್ತೇನೆ ಎಂದು ಹೆದರಿ ಒಂದು ತಿಂಗಳು ಕಳೆದೆ. ಕಂಡವರ ಮನೆಯ ಕಿಟಕಿಯನ್ನು ಉಜ್ಜಿ ಅದರ ಧೂಳನ್ನು ಕೂಸಿಗೆ ತಿನ್ನಿಸಿದ್ದೀಯ. ಚೆಂದ ಬೇಕಿತ್ತು ನಿನಗೆ. ಹೊಗಳಿಸಿಕೊಳ್ಳಬೇಕಿತ್ತು.

ಬರೆದದ್ದನ್ನು ಮತ್ತೆ ಓದಿದೆ. ಹೊಡೆದು ಹಾಕುವುದಿಲ್ಲ, ನನ್ನ ಮನಸ್ಸಿನಲ್ಲಿ ಇದ್ದದ್ದು ಇದೇ.

ಮಗುವನ್ನು ಕಳಿಸು. ಬ್ಯಾಂಕಿನಲ್ಲಿ ಸೇರಿಸಿಟ್ಟಿದ್ದ ರಜೆಯಲ್ಲಿ ಎರಡು ತಿಂಗಳು ಹಾಕಿದ್ದೇನೆ. ಕೆಳಗಿನ ಮನೆಯ ಮೇರಿ ಚೇಚಿ ಜೊತೆಗಿರುತ್ತಾರೆ. ಈ ಫ್ಲಾಟಿನಲ್ಲಿ ಹಳೆಯ ಬಣ್ಣದ್ದು ಒಂದು ಚಮಚವೂ ಇಲ್ಲ.

ಅಮ್ಮ


ಕಳಕ್ಕೂಟ್ಟಂ
ಸೆಪ್ಟೆಂಬರ್ ೮

ಅಮ್ಮ,

ಅಭಿಜಿತ್ ನಾಳೆ ಬೆಳಗಿನ ರೈಲಿನಲ್ಲಿ ಹರ್ಷಿಯನ್ನು ಕರೆದುಕೊಂಡು ಬರುತ್ತಾನೆ. ನಾನು ಬರುವುದಿಲ್ಲ. ಕಾಗದ ಅವನ ಕೈಯಲ್ಲೇ ಕೊಟ್ಟಿದ್ದೇನೆ.

ಲ್ಯಾಬಿನ ರಿಪೋರ್ಟ್ ನಿನ್ನೆ ಬಂತು. ನನ್ನ ಮೇಜಿನ ನೀಲಿಯಲ್ಲಿ ಸೀಸ ಇದೆ. ಬಾಲ್ಕನಿಯ ಧೂಳಿನಲ್ಲೂ ಇದೆ. ಅದು ನನ್ನದು, ನಾನು ಹೊರುತ್ತೇನೆ. ಟ್ರಂಕಿನಲ್ಲಿ ಇಲ್ಲ, ಪರದೆಯಲ್ಲಿ ಇಲ್ಲ.

ಅಪ್ಪನ ಗಾಡಿಯ ಕೆಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಇದೆ. ಮೇಜಿನದನ್ನು ಅದರ ಪಕ್ಕದಲ್ಲಿ ಹೇಳುವ ಹಾಗೇ ಇಲ್ಲ. ಲ್ಯಾಬಿನವರು ಇದು ಮನೆಗೆ ಬಳಿಯುವ ಬಣ್ಣವೇ ಅಲ್ಲ, ಕಬ್ಬಿಣಕ್ಕೆ ತುಕ್ಕು ಹಿಡಿಯದ ಹಾಗೆ ಹಡಗಿಗೆ ಬಳಿಯುವಂಥದ್ದು, ಎಲ್ಲಿಂದ ಬಂತು ಎಂದು ಕೇಳಿದರು. ನನಗೆ ಗೊತ್ತಿಲ್ಲ, ನಿನಗೆ ಗೊತ್ತಿರಬಹುದು. ಹಿಡಿಯ ಮೇಲೆಲ್ಲ ಹರ್ಷಿಯ ಹಲ್ಲಿನ ಗುರುತಿದೆ. ನಾನು ಕೆರೆದು ಹೊಸದಾಗಿ ಬಳಿಯುತ್ತೇನೆ ಎಂದಿದ್ದೆ. ಕೆರೆದಿದ್ದರೆ ಇನ್ನೂ ಕೆಟ್ಟದ್ದೇ ಆಗುತ್ತಿತ್ತೇನೋ, ಅದೂ ಗೊತ್ತಿಲ್ಲ.

ಇದನ್ನು ನಿನಗೆ ನೋವಾಗಲಿ ಎಂದೇ ಬರೆಯುತ್ತಿದ್ದೇನೆ. ನಿನ್ನ ಹಿಂದಿನ ಕಾಗದವನ್ನು ನಾನು ಅಡುಗೆಮನೆಯಲ್ಲಿ ನಿಂತು ಓದಿದೆ.

ಬೆಳಿಗ್ಗೆ ರಾಗಿ ಗಂಜಿ, ಬಿಸಿ ಬೇಡ, ಉಗುರು ಬೆಚ್ಚಗಿರಲಿ. ತಿನ್ನುವ ಮುಂಚೆ ಪ್ರತಿ ಸಲ ಕೈ ತೊಳೆಸು. ಕಬ್ಬಿಣದ ಹನಿಗಳನ್ನು ಹಾಲಿನ ಜೊತೆ ಕೊಡಬೇಡ. ಮಲಗುವಾಗ ಎಡಗಿವಿ ಹಿಡಿದುಕೊಳ್ಳುತ್ತಾಳೆ, ತನ್ನದಲ್ಲ, ಪಕ್ಕದಲ್ಲಿ ಮಲಗಿದವರದು. ಬಿಡಿಸಿಕೊಳ್ಳಬೇಡ.

ಕೃಪಾ


ತ್ರಿಪ್ಪುಣಿತ್ತುರ
ಸೆಪ್ಟೆಂಬರ್ ೨೯

ಕೃಪಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು.

ಆ ಬಣ್ಣ ನಿನ್ನ ಅಪ್ಪನಿಗೆ ಹಡಗಿನ ಕೆಲಸದ ಗೆಳೆಯನೊಬ್ಬ ಕೊಟ್ಟದ್ದು. ಡಬ್ಬದ ತಳದಲ್ಲಿ ಉಳಿದದ್ದು. "ಹಡಗಿನ ಬಣ್ಣ ರತ್ನಾ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹೋಗಲ್ಲ" ಎಂದು ಹೆಮ್ಮೆಯಿಂದ ಬಳಿದರು. ಯಾರಿಗೂ ಏನೂ ಗೊತ್ತಿರಲಿಲ್ಲ. ಅವರನ್ನು ದೂರಬೇಡ. ನನ್ನನ್ನು ದೂರು. ಮುಟ್ಟಬೇಡ ಎಂದವಳು ನಾನು.

ಈಗ ಮಗುವಿನ ವಿಷಯ. ಮೊದಲ ವಾರ ಗಂಜಿಯನ್ನು ಉಗಿದಳು. ಈಗ ನುಗ್ಗೆಸೊಪ್ಪು ಹಾಕಿದ ದೋಸೆ ತಿನ್ನುತ್ತಾಳೆ. ಹೊಟ್ಟೆನೋವಿನ ಅಳು ಕಡಿಮೆಯಾಗಿದೆ. ಮೇರಿ ಚೇಚಿ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೆಟ್ರೋ ತೋರಿಸಲು ಹೋಗುತ್ತಾರೆ. ರೈಲು ಬಂದಾಗ ಬೆರಳು ತೋರುತ್ತಾಳೆ, ಮಾತಾಡುವುದಿಲ್ಲ. ನಾನು ಇಡೀ ದಿನ ಕನ್ನಡದಲ್ಲಿ ಮಾತಾಡುತ್ತಲೇ ಇರುತ್ತೇನೆ, ಹುಚ್ಚಿಯ ಹಾಗೆ. ರಾತ್ರಿ ನನ್ನ ಕಿವಿ ಹಿಡಿಯುತ್ತಾಳೆ.

ಅಮ್ಮ


ಕಳಕ್ಕೂಟ್ಟಂ
ಅಕ್ಟೋಬರ್ ೧೬

ಅಮ್ಮ,

ಎರಡನೆಯ ಪರೀಕ್ಷೆಯಲ್ಲಿ ಸೀಸ ಇಳಿದಿದೆ ಎಂದು ಅಭಿಜಿತ್ ಹೇಳಿದಾಗ ನಾನು ಆಫೀಸಿನ ಕ್ಯಾಂಟೀನಿನಲ್ಲಿದ್ದೆ. ಎಲ್ಲರ ಎದುರಿಗೆ ಅತ್ತುಬಿಟ್ಟೆ.

ಮನೆ ಸ್ವಚ್ಛವಾಗಿದೆ. ಗುಡಿಸಬಾರದು, ಒದ್ದೆ ಬಟ್ಟೆಯಲ್ಲೇ ಒರೆಸಬೇಕು ಎಂದಿದ್ದರು. ಗೋಡೆ, ಕಿಟಕಿಯ ಸರಳು, ಫ್ಯಾನಿನ ರೆಕ್ಕೆ, ಎಲ್ಲ ಮೂರು ಮೂರು ಸಲ ಒರೆಸಿದ್ದೇವೆ. ಬಾಲ್ಕನಿಯನ್ನು ತೊಳೆದು ಬೀಗ ಹಾಕಿದ್ದೇವೆ. ನೆಲದ ಧೂಳನ್ನು ಮತ್ತೆ ಪರೀಕ್ಷೆಗೆ ಕೊಟ್ಟೆವು, ಏನೂ ಇಲ್ಲ ಎಂದು ಬಂದಿದೆ. ಡಾಕ್ಟರ್ ಕರೆದುಕೊಂಡು ಬರಬಹುದು ಎಂದಿದ್ದಾರೆ.

ಭಾನುವಾರ ಅಭಿಜಿತ್ ಬರುತ್ತಾನೆ. ಅವಳ ಬಟ್ಟೆ ಕಟ್ಟಿಟ್ಟಿರು.

ಕೃಪಾ


ತ್ರಿಪ್ಪುಣಿತ್ತುರ
ಅಕ್ಟೋಬರ್ ೨೧

ಕೃಪಾ,

ಅಭಿಜಿತ್‌ರನ್ನು ಬರಿಗೈಯಲ್ಲಿ ಕಳಿಸಿದ್ದಕ್ಕೆ ನಿನಗೆ ಎಷ್ಟು ಕೋಪ ಬಂದಿದೆಯೆಂದು ಬಲ್ಲೆ. ಬಾಗಿಲಲ್ಲಿ ನಿಂತು ಅವರು ನನಗೆ ಎದುರು ಮಾತಾಡಲಿಲ್ಲ. ಚಹಾ ಕುಡಿದು, ಮಗುವಿನ ಜೊತೆ ಕೂತು, ಹೋದರು.

ಇಳಿದಿದೆ ಎಂದರೆ ಹೋಗಿದೆ ಎಂದಲ್ಲ. ಇಲ್ಲಿ ತಿನ್ನುತ್ತಿದ್ದಾಳೆ, ನಿದ್ದೆ ಮಾಡುತ್ತಿದ್ದಾಳೆ. ಇನ್ನೊಂದು ಪರೀಕ್ಷೆ ಆಗಲಿ. ಡಾಕ್ಟರಿಗೆ ಏನು, ಒಂದು ಮಾತು ಹೇಳುತ್ತಾರೆ. ನಿನಗೆ ಆಫೀಸು, ಅವರು ಕೆಲಸ ಹುಡುಕಲು ಓಡಾಡುತ್ತಾರೆ. ಯಾವ ಮೂಲೆಯಲ್ಲಿ ಏನು ಉಳಿದಿದೆಯೋ ಯಾರು ನೋಡುತ್ತಾರೆ? ಬೇಸಿಗೆಯವರೆಗೆ ಇಲ್ಲೇ ಇರಲಿ.

ಅಮ್ಮ


ಕಳಕ್ಕೂಟ್ಟಂ
ಅಕ್ಟೋಬರ್ ೨೬

ಅಮ್ಮ,

ಬೇಸಿಗೆಯವರೆಗೆ. ಅಂದರೆ ಏನೆಂದು ಬರೆಯುವಾಗ ನಿನಗೆ ತಿಳಿದಿತ್ತೇ? ಅವಳು ನನ್ನ ಮಗಳು.

ಯಾವ ಮೂಲೆಯಲ್ಲಿ ಏನು ಉಳಿದಿದೆ ಎಂದು ಕೇಳಿದೆಯಲ್ಲ, ಹೇಳುತ್ತೇನೆ. ಏನೂ ಉಳಿದಿಲ್ಲ. ಮೇಜು ಹೋಯಿತು. ಟ್ರಂಕಿನಲ್ಲಿ ಸೀಸ ಇರಲಿಲ್ಲ, ಅದನ್ನೂ ಕೊಟ್ಟೆ. ಪರದೆ ಇಳಿಸಿದೆ. ಹಂಡೆ, ಕನ್ನಡಿ, ಹಳೇ ಕುರ್ಚಿಗಳು, ನಾನು ಮುಟ್ಟಿದ್ದೆಲ್ಲ ಹೋಯಿತು. ರಿಪೋರ್ಟ್ ತೋರಿಸಿ ಅಭಿಜಿತ್ "ಇದರಲ್ಲಿ ಇಲ್ಲ ಕೃಪಾ, ಇದನ್ನ ಇಟ್ಕೊಳ್ಳೋಣ" ಎನ್ನುತ್ತಿದ್ದ. ನನಗೆ ಆಗಲಿಲ್ಲ. ಚಾಪೆಯ ಮೇಲೆ ಮಲಗುತ್ತೇವೆ, ನೆಲದಲ್ಲಿ ಕೂತು ಉಣ್ಣುತ್ತೇವೆ. ನಾನು ಈಗ ಯಾವ ಸಾಮಾನನ್ನೂ ನಂಬುವುದಿಲ್ಲ. ಅಂಗಡಿಯಲ್ಲಿ ಹೊಸ ಬಕೆಟ್ ಕಂಡರೂ ಬಣ್ಣ ನೋಡುತ್ತೇನೆ.

ಅಪ್ಪನ ಗಾಡಿಯನ್ನು ಮಾತ್ರ ಎಸೆಯಲಾಗಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಬೀಗ ಹಾಕಿದ ಬಾಲ್ಕನಿಯಲ್ಲಿ ಇಟ್ಟಿದ್ದೇನೆ. ಅದು ನಿನ್ನದು, ನೀನೇ ಹೇಳಬೇಕು.

ಅವಳನ್ನು ಕಳಿಸು ಎಂದು ಇನ್ನು ಕೇಳುವುದಿಲ್ಲ. ಮುಂದಿನ ಭಾನುವಾರ ನಾನೇ ಬರುತ್ತೇನೆ. ಆ ದಿನ ನಾನು ನಿನ್ನ ಬಾಗಿಲಲ್ಲಿ ನಿಂತಾಗ ನಮ್ಮಿಬ್ಬರ ಮಧ್ಯೆ ಏನಾಗುತ್ತದೆಯೋ ಎಂದು ನನಗೆ ಹೆದರಿಕೆಯಿದೆ. ನಿನಗೂ ಇರಲಿ.

ಕೃಪಾ


ತ್ರಿಪ್ಪುಣಿತ್ತುರ
ನವೆಂಬರ್ ೪

ಕೃಪಾ,

ನಿನ್ನೆ ನೀನು ಹೊರಡುವ ಮೊದಲೇ ನಾನು ಮಗುವನ್ನು ಎತ್ತಿಕೊಂಡು ನಿನ್ನ ಬಾಗಿಲಿಗೆ ಬಂದೆ. ಬಾಗಿಲು ತೆರೆದ ನೀನು ನನ್ನ ಮುಖವನ್ನು ನೋಡಲೇ ಇಲ್ಲ, ಸರಿಯೇ. ಹರ್ಷಿತಾ ನಿನ್ನನ್ನು ನೋಡಿ ಒಂದು ಗಳಿಗೆ ನನ್ನ ಕುತ್ತಿಗೆಗೆ ಒತ್ತಿಕೊಂಡಳು. ಆಗ ನಿನ್ನ ಕೈ ಹಿಂದಕ್ಕೆ ಸರಿದದ್ದನ್ನು ಕಂಡೆ. ನಾನು ಅವಳನ್ನು ಇಳಿಸಿ ಸರಿದು ನಿಂತೆ. ಅವಳೇ ನಿನ್ನ ಕಡೆಗೆ ನಡೆದಳು. ಅದನ್ನು ನಾನು ಮಾಡಿಸಲಿಲ್ಲ, ನೀನೂ ಮಾಡಿಸಲಿಲ್ಲ.

ಆಮೇಲೆ ಅವಳು ಆ ಖಾಲಿ ಕೋಣೆಗಳಲ್ಲಿ ಕೂಗಿಕೊಂಡು ಓಡಿದಳು. ತನ್ನ ದನಿ ಗೋಡೆಗೆ ಬಡಿದು ಬರುತ್ತದೆಂದು ತಿಳಿದು ಮತ್ತೆ ಮತ್ತೆ ಕೂಗಿದಳು. ಮಾತಲ್ಲ, ಬರಿಯ ದನಿ. ಅಭಿಜಿತ್ ಗೋಡೆಗೆ ಒರಗಿ ಕೇಳುತ್ತ ನಿಂತಿದ್ದರು. ನನಗೆ ಆ ಮನೆಯನ್ನು ನೋಡಲಾಗಲಿಲ್ಲ. ಕಿಟಕಿಯಲ್ಲಿ ಪರದೆಯಿಲ್ಲದೆ ಬಿಸಿಲು ನೆಲದ ತುಂಬ ಬಿದ್ದಿತ್ತು. ನೀನು ಉಜ್ಜಿ, ಹೊಲಿದು, ಬಳಿದು ಮಾಡಿದ್ದನ್ನು ನಾನು ಒಂದೇ ಒಂದು ದಿನ ಸರಿಯಾಗಿ ನೋಡಲಿಲ್ಲ, ಕೃಪಾ. ಹಳದಿ ಟ್ರಂಕು ಚೆನ್ನಾಗಿತ್ತು.

ಗಾಡಿಯನ್ನು ನಾನೇ ಕೆಳಗೆ ತಂದೆ. ವಿಷದ ಕಸ ಒಯ್ಯುವವರಿಗೆ ಅಭಿಜಿತ್ ಫೋನ್ ಮಾಡಿದ್ದರಲ್ಲ, ಅವರ ಕೈಗೆ ಕೊಟ್ಟೆ. ನಿನ್ನ ಅಪ್ಪ ಅಲ್ಲಿದ್ದಿದ್ದರೆ ಯಾವತ್ತೋ ಕೊಟ್ಟಿರುತ್ತಿದ್ದರು. ಮಗುವಿಗಿಂತ ಬಣ್ಣ ಹೆಚ್ಚು ಅವರಿಗೆ ಎನ್ನುವ ಹಾಗೆ ನಾನೇ ಅವರ ಹೆಸರಿನಲ್ಲಿ ನಡೆದುಕೊಂಡೆ.

ಬೇಸಿಗೆಯವರೆಗೆ ಇರಲಿ ಎಂದದ್ದು ನಿನ್ನ ಮನೆಗೆ ಹೆದರಿ ಅಲ್ಲ. ಅವಳು ನನ್ನ ಬಳಿ ಇದ್ದು ಒಂದೊಂದು ತುತ್ತು ತಿಂದಾಗಲೂ ನಾನು ಕೊಟ್ಟ ವಿಷ ಅಷ್ಟು ಇಳಿಯಿತು ಎಂದುಕೊಳ್ಳುತ್ತಿದ್ದೆ. ಅವಳು ಹೋದ ಮೇಲೆ ಈ ಮನೆಯಲ್ಲಿ ಏನು ಮಾಡಲಿ ಎಂದು ತಿಳಿಯದೆ ಹಿಡಿದಿಟ್ಟುಕೊಂಡೆ.

ಸಾಯಂಕಾಲ ನಾನು ಚಪ್ಪಲಿ ಮೆಟ್ಟುವಾಗ ನೀನು "ಇವತ್ತು ಉಳ್ಕೋ ಅಮ್ಮ" ಎಂದೆ. ನಾನು "ನಾಳೆ ಬ್ಯಾಂಕಿದೆ" ಎಂದೆ. ಬಾಯಿ ಮಾತಿಗೆ ಕೇಳುತ್ತಿದ್ದೀಯ ಎಂದುಕೊಂಡೆ. ರೈಲು ಕೊಲ್ಲಂ ದಾಟಿದ ಮೇಲೆ, ನೀನು ಜೂನ್‌ನಿಂದ ನಿನಗಾಗಿ ನನ್ನನ್ನು ಏನನ್ನೂ ಕೇಳಿರಲಿಲ್ಲ ಎಂಬುದು ಹೊಳೆಯಿತು. ಇಳಿದು ವಾಪಸು ಬರುವ ಹಾಗಿರಲಿಲ್ಲ. ಪಕ್ಕದಲ್ಲಿದ್ದ ಹೆಂಗಸು ನೀರಿನ ಬಾಟಲಿ ಕೊಟ್ಟಳು.

ಇವತ್ತು ಮ್ಯಾನೇಜರ ಹತ್ತಿರ ಮಾತಾಡಿದೆ. ಶುಕ್ರವಾರದಿಂದ ಉಳಿದ ರಜೆ ಸಿಕ್ಕಿದೆ. ನೀನು ಇನ್ನೊಮ್ಮೆ ಕೇಳಬೇಕಾಗಿಲ್ಲ, ನಾನು ಬರುತ್ತಿದ್ದೇನೆ. ಚಾಪೆ ಸಾಕು ನನಗೆ. ಊಟಕ್ಕೆ ಕೂರಲು ಒಂದು ಹಲಗೆಯಾದರೂ ಬೇಕಲ್ಲ, ನಿನಗೆ ಧೈರ್ಯ ಬಂದ ದಿನ ಹೋಗಿ ಬಣ್ಣ ಕಾಣದ ಬರಿಯ ಮರದ್ದು ಹುಡುಕೋಣ. ಉಜ್ಜುವುದು ನಾರಿನ ಉದ್ದಕ್ಕೆ ಎಂದು ನೀನು ಬರೆದಿದ್ದೆ, ಹೇಗೆ ಹಿಡಿಯಬೇಕೆಂದು ತೋರಿಸು. ನನಗೆ ಗೊತ್ತಿಲ್ಲ.

ನಿನ್ನ
ಅಮ್ಮ